ಬಿಳಿ ಟೋಪಿ ಎಂಬ ಸುಳ್ಳು

ಹಳೆಯ ಕೌಬಾಯ್ ಸಿನಿಮಾಗಳ ಮಾತು ಬಂತೆಂದರೆ ಒಂದು ಗಿಣಿಪಾಠ ಶುರುವಾಗುತ್ತದೆ. ಆ ಕಾಲವೇ ಸರಳವಾಗಿತ್ತು. ಒಳ್ಳೆಯವನ ತಲೆ ಮೇಲೆ ಬಿಳಿ ಟೋಪಿ, ಕೆಟ್ಟವನ ತಲೆ ಮೇಲೆ ಕಪ್ಪು ಟೋಪಿ. ಕೊನೆಯ ರೀಲಿನಲ್ಲಿ ಇಬ್ಬರೂ ನಡುಬೀದಿಯಲ್ಲಿ ಎದುರುಬದುರಾಗಿ ನಿಂತು ಗುಂಡು ಹಾರಿಸಿದರೆ ನ್ಯಾಯ ತೀರ್ಮಾನವಾಯಿತು. ಇವತ್ತಿನ ಗೊಂದಲದಲ್ಲಿ ಬೇಸತ್ತ ಜನ ಆ ತಿಳಿಯಾದ ಲೋಕಕ್ಕೆ ಹಂಬಲಿಸುತ್ತಾರೆ, ಎಪ್ಪತ್ತು ವರ್ಷ ಕಳೆದರೂ ಈ ಚಿತ್ರಗಳು ಮಾಸದಿರಲು ಅದೇ ಕಾರಣ. ಅಭಿಮಾನಿಗಳು ಇದನ್ನು ಹೊಗಳಿಕೆಯಾಗಿ ಹೇಳುತ್ತಾರೆ. ಮೂಗು ಮುರಿಯುವವರು ಇದನ್ನೇ ಬೈಗುಳವಾಗಿ ಹೇಳುತ್ತಾರೆ: ಬಾಲಿಶ ಕಥೆ, ಬಿಳಿಯರ ಬಡಾಯಿ, ಬಂದೂಕಿನ ಭಜನೆ. ಜಗಳವಾಡುತ್ತಿರುವಂತೆ ಕಂಡರೂ ಇಬ್ಬರೂ ಉರು ಹೊಡೆದ ಪಾಠ ಒಂದೇ. ಇಬ್ಬರೂ ಆ ಸಿನಿಮಾಗಳನ್ನು ನೋಡಿ ಬಹಳ ದಿನವಾಗಿದೆ ಎಂಬುದು ನನ್ನ ಗುಮಾನಿ.

ಟೋಪಿಯ ವಿಚಾರವನ್ನು ಮೊದಲೇ ಮುಗಿಸಿಬಿಡೋಣ. ಅಮೆರಿಕದ ಮಕ್ಕಳು ಹುಚ್ಚೆದ್ದು ನೋಡಿದ ಮೊದಲ ಟಿವಿ ಕೌಬಾಯ್ ಹಾಪಲಾಂಗ್ ಕ್ಯಾಸಿಡಿ. ವಿಲಿಯಂ ಬಾಯ್ಡ್ ಎಂಬ ನಟ 1935ರಿಂದ 1948ರವರೆಗೆ ಆ ಪಾತ್ರದಲ್ಲಿ 66 ಚಿತ್ರ ಮಾಡಿ, 1949ರಲ್ಲಿ ಅವನ್ನೇ ಟಿವಿಗೆ ತಂದ. ಬಿಳಿ ಕುದುರೆ ಏರಿದ ಈ ಸಜ್ಜನ ತೊಡುತ್ತಿದ್ದದ್ದು ಕಪ್ಪು ಉಡುಪು, ಕಪ್ಪು ಟೋಪಿ. 1957ರಲ್ಲಿ ಶುರುವಾದ 'ಹ್ಯಾವ್ ಗನ್, ವಿಲ್ ಟ್ರಾವೆಲ್' ಧಾರಾವಾಹಿಯ ಪ್ಯಾಲಡಿನ್‌ನದೂ ಕಪ್ಪು ಉಡುಪೇ. ಅವನು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಹೋಟೆಲಿನಲ್ಲಿ ಠಿಕಾಣಿ ಹೂಡಿ, ಪುಸ್ತಕ ಓದಿಕೊಂಡು, ರುಚಿಯಾದ್ದನ್ನು ಉಂಡುಕೊಂಡು, ಕಾಸು ಕೊಟ್ಟವರಿಗೆ ಬಂದೂಕು ಹಿಡಿಯುತ್ತಿದ್ದ ಆಸಾಮಿ. ಬಿಳಿ ಟೋಪಿ ಇದ್ದದ್ದು ಲೋನ್ ರೇಂಜರ್‌ಗೆ, ಜೀನ್ ಆಟ್ರಿಗೆ, ರಾಯ್ ರಾಜರ್ಸ್‌ಗೆ. ಮಕ್ಕಳಿಗಾಗಿ ತಯಾರಾದ ನಾಯಕರು ಇವರು. ಆಟ್ರಿ ಅಂತೂ ಕೌಬಾಯ್ ಹೇಗೆ ನಡೆದುಕೊಳ್ಳಬೇಕು ಎಂದು ಹತ್ತು ನಿಯಮಗಳ ಪಟ್ಟಿಯನ್ನೇ ಕೊಟ್ಟಿದ್ದ. ಈ ನಾಯಕರ ಚಿತ್ರವಿದ್ದ ಊಟದ ಡಬ್ಬಿ, ಆಟದ ಪಿಸ್ತೂಲು, ಟೋಪಿ, ಶರ್ಟು ಅಂಗಡಿ ತುಂಬ ಬಿಕರಿಯಾದವು. ಬಿಳಿ ಟೋಪಿಯ ನೀತಿ ಬೆಳೆದದ್ದು ಅಲ್ಲಿ, ಆಟಿಕೆ ಅಂಗಡಿಯಲ್ಲಿ. ಆ ಮಕ್ಕಳು ಬೆಳೆದು ದೊಡ್ಡವರಾದರು. ಡಬ್ಬಿಗಳು ಹಳೆಯ ಸಾಮಾನು ಕೂಡಿಡುವವರ ಕಪಾಟು ಸೇರಿದವು. ಆ ಚಿತ್ರಗಳ ಮೇಲೆ ಇವತ್ತು ಯಾರೂ ವಾದ ಮಾಡುವುದಿಲ್ಲ.

ಸರಳತೆಯೇ ಬಾಳಿಕೆಯ ಗುಟ್ಟಾಗಿದ್ದರೆ ಬದುಕಿ ಉಳಿಯಬೇಕಾಗಿದ್ದವು ಅವೇ. 1958–59ರ ಸಾಲಿನಲ್ಲಿ ಅಮೆರಿಕದ ಟಿವಿಯಲ್ಲಿ ಅತಿ ಹೆಚ್ಚು ಜನ ನೋಡಿದ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್‌ಗಳು, ಅಂದರೆ ಕೌಬಾಯ್ ಕಥೆಗಳು. ರಾತ್ರಿ ಊಟದ ಹೊತ್ತಿಗೆ ಯಾವ ಚಾನೆಲ್ ತಿರುಗಿಸಿದರೂ ಕುದುರೆಯ ಗೊರಸಿನ ಸದ್ದು. ಅವುಗಳಲ್ಲಿ ಬಹುಪಾಲು ಮಳೆಗಾಲದ ಅಣಬೆಯ ಹಾಗೆ ಎದ್ದು ಅಡಗಿದವು. ಉಳಿದುಕೊಂಡವು ಬೇರೆ: ಸಿನಿಮಾದಲ್ಲಿ 'ಸ್ಟೇಜ್‌ಕೋಚ್', 'ಹೈ ನೂನ್', 'ಶೇನ್', 'ದಿ ಸರ್ಚರ್ಸ್', 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವೇಲೆನ್ಸ್', ಟಿವಿಯಲ್ಲಿ 'ಗನ್‌ಸ್ಮೋಕ್'. ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಇವುಗಳಲ್ಲಿ ಕುದುರೆ ಸವಾರನಿಗಿಂತ ಮುಖ್ಯವಾದ ಒಂದು ಪಾತ್ರವಿದೆ, ಅದು ಊರು. ಹೊಸದಾಗಿ ಕಟ್ಟುತ್ತಿರುವ, ಧೂಳು ಮೆತ್ತಿದ, ಒಂದೇ ಬೀದಿಯ ಊರು. ಸ್ಟೇಜ್‌ಕೋಚಿನಲ್ಲಿ ಊರು ಒಂದು ಗಾಡಿಯೊಳಗೆ ಇಕ್ಕಟ್ಟಾಗಿ ಕೂತಿದೆ, 'ದಿ ಸರ್ಚರ್ಸ್'ನಲ್ಲಿ ಒಂದು ಮನೆಯ ಹೊಸ್ತಿಲಾಗಿದೆ, ಅಷ್ಟೇ ವ್ಯತ್ಯಾಸ. ನಾಯಕ ಬರುತ್ತಾನೆ, ಹೋಗುತ್ತಾನೆ. ನಾವು ಮರೆಯದೆ ಇರುವುದು ಆ ಊರಿನವರು ಅವನ ಜೊತೆ ಹೇಗೆ ನಡೆದುಕೊಂಡರು ಎಂಬುದನ್ನು. ಕತ್ತಲೆಯ ಟಾಕೀಸಿನಲ್ಲಿ ಕೂತ ಪ್ರೇಕ್ಷಕ ತನ್ನನ್ನು 'ಹೈ ನೂನ್'ನ ನಾಯಕನಟ ಗ್ಯಾರಿ ಕೂಪರ್ ಎಂದುಕೊಂಡು ಮನೆಗೆ ಹೋಗುತ್ತಾನೆ ಎಂದು ವಿಮರ್ಶಕರು ತಿಳಿದಿದ್ದಾರೆ. ಅವನಿಗೆ ತನ್ನ ಗುರುತು ಹತ್ತುವುದು ಗ್ಯಾರಿ ಕೂಪರ್‌ಗೆ ಬಾಗಿಲು ಹಾಕಿಕೊಂಡವರಲ್ಲಿ ಎಂಬುದು ನನ್ನ ವಾದ.

1952ರ 'ಹೈ ನೂನ್' ತೆಗೆದುಕೊಳ್ಳಿ, ನಿರ್ದೇಶಕ ಫ್ರೆಡ್ ಜಿನ್ನೆಮನ್. ಮಾರ್ಷಲ್ ವಿಲ್ ಕೇನ್ ಅಂದು ಬೆಳಿಗ್ಗೆ ತಾನೇ ಮದುವೆಯಾಗಿದ್ದಾನೆ, ಬಿಲ್ಲೆ ಕಳಚಿಟ್ಟು ಹೊರಟಿದ್ದಾನೆ. ಅವನು ಹಿಂದೆ ಜೈಲಿಗೆ ಕಳಿಸಿದ್ದ ಫ್ರ್ಯಾಂಕ್ ಮಿಲ್ಲರ್ ಬಿಡುಗಡೆಯಾಗಿ ಮಧ್ಯಾಹ್ನ ಹನ್ನೆರಡರ ರೈಲಿಗೆ ಬರುತ್ತಿದ್ದಾನೆ, ಮೂವರು ಸಹಚರರು ಆಗಲೇ ಸ್ಟೇಷನ್ನಿನಲ್ಲಿ ಕಾಯುತ್ತಿದ್ದಾರೆ. ಸುಮಾರು 85 ನಿಮಿಷದ ಚಿತ್ರ. ಕಥೆಯ ಗಡಿಯಾರವೂ ನಮ್ಮ ಗಡಿಯಾರವೂ ಹೆಚ್ಚುಕಡಿಮೆ ಜೊತೆಯಲ್ಲೇ ಓಡುತ್ತವೆ. ಈ ಸಮಯದಲ್ಲಿ ಮುಕ್ಕಾಲು ಪಾಲು ಕೇನ್ ಮಾಡುವ ಕೆಲಸ ಏನು ಗೊತ್ತೆ? ಮನೆಮನೆ ಬಾಗಿಲು ತಟ್ಟಿ ನೆರವು ಕೇಳುವುದು. ಬಂದೂಕಿನ ಕಾಳಗ ಕೊನೆಯಲ್ಲಿ ಒಂದಿಷ್ಟು.

ಮೊದಲು ಜಾಗ ಖಾಲಿ ಮಾಡುವವನು ಮಿಲ್ಲರ್‌ಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶ. ಕಚೇರಿಯ ಗೋಡೆಯ ಮೇಲಿನ ರಾಷ್ಟ್ರಧ್ವಜ ಇಳಿಸುತ್ತಾನೆ, ನ್ಯಾಯದ ತಕ್ಕಡಿ ತೆಗೆಯುತ್ತಾನೆ, ಕಾನೂನು ಪುಸ್ತಕಗಳನ್ನು ಚೀಲಕ್ಕೆ ತುರುಕುತ್ತಾನೆ. ಇದನ್ನೆಲ್ಲ ಮಾಡುತ್ತಲೇ ಪುರಾತನ ಅಥೆನ್ಸಿನ ಕಥೆ ಹೇಳುತ್ತಾನೆ: ಓಡಿಸಿದ ಸರ್ವಾಧಿಕಾರಿ ಕೂಲಿ ಸೈನ್ಯದೊಡನೆ ಮರಳಿದಾಗ ಅದೇ ಜನ ಕೋಟೆಬಾಗಿಲು ತೆರೆದರಂತೆ. ಇನ್ನೂ ಹಲವು ಕಡೆ ನ್ಯಾಯಾಧೀಶನಾಗುವ ಆಸೆ ತನಗಿದೆ ಎಂದು ಕುದುರೆ ಹತ್ತುತ್ತಾನೆ. ಗೆಳೆಯನೊಬ್ಬ ತಾನು ಮನೆಯಲ್ಲಿಲ್ಲ ಎಂದು ಹೆಂಡತಿಯ ಬಾಯಲ್ಲಿ ಸುಳ್ಳು ಹೇಳಿಸಿ ಒಳಗೆ ಅಡಗಿ ಕೂರುತ್ತಾನೆ. ಆ ಹೆಂಗಸಿನ ಮುಖ ನೋಡಲಾಗುವುದಿಲ್ಲ. ಹೋಟೆಲಿನ ಗುಮಾಸ್ತನಿಗೆ ಮಿಲ್ಲರ್ ಬರುವುದೇ ಬೇಕಾಗಿದೆ, ಅವನಿದ್ದಾಗ ವ್ಯಾಪಾರ ಚೆನ್ನಾಗಿತ್ತು. ಕ್ಷೌರಿಕನ ಅಂಗಡಿಯ ಹಿಂಭಾಗದಲ್ಲಿ ಆಗಲೇ ಶವಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾರೆ. ಕೇನ್ ಮುಖ ತೊಳೆಯಲು ಅಲ್ಲಿಗೆ ಬಂದಾಗ ಕ್ಷೌರಿಕ ಸಂಕೋಚದಿಂದ ಒಳಗೆ ಹೋಗಿ ಸುತ್ತಿಗೆಯ ಸದ್ದು ನಿಲ್ಲಿಸುತ್ತಾನೆ. ಇನ್ನು ಕೆಲಸ ಮುಂದುವರಿಸಬಹುದು ಎಂದು ಹೊರಡುವಾಗ ಕೇನ್‌ನೇ ಹೇಳುತ್ತಾನೆ.

ಇವೆಲ್ಲಕ್ಕೂ ಕಲಶವಿಟ್ಟಂತೆ ಚರ್ಚಿನ ದೃಶ್ಯ. ಭಾನುವಾರ, ಪ್ರಾರ್ಥನೆ ನಡೆದಿದೆ. ಕೇನ್ ಬಂದು ಜನ ಬೇಕು ಎನ್ನುತ್ತಾನೆ. ಒಂದಿಬ್ಬರು ಏಳುತ್ತಾರೆ, ಅಷ್ಟರಲ್ಲಿ ಯಾರೋ ತಡೆಯುತ್ತಾರೆ. ಮಕ್ಕಳನ್ನು ಹೊರಗೆ ಕಳಿಸಿ ಚರ್ಚೆ ಶುರುವಾಗುತ್ತದೆ. ಇದು ಕೇನ್‌ಗೂ ಮಿಲ್ಲರ್‌ಗೂ ಇರುವ ಖಾಸಗಿ ಹಗೆ ಎನ್ನುತ್ತಾನೆ ಒಬ್ಬ. ತೆರಿಗೆ ಕಟ್ಟುವುದು ಮತ್ಯಾಕೆ ಎನ್ನುತ್ತಾನೆ ಇನ್ನೊಬ್ಬ. ಮಿಲ್ಲರ್‌ನನ್ನು ಬಿಟ್ಟ ರಾಜಕಾರಣಿಗಳನ್ನು ಕೇಳಿ ಎನ್ನುತ್ತಾರೆ. ಕೊಲ್ಲಬಾರದೆಂದು ಧರ್ಮ ಹೇಳುತ್ತದೆ, ಆದರೆ ಕೊಲ್ಲುವುದಕ್ಕೆ ನಾವೇ ಸಂಬಳ ಕೊಟ್ಟು ಜನ ಇಟ್ಟುಕೊಳ್ಳುತ್ತೇವೆ ಎಂದು ಪಾದ್ರಿ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾನೆ. ಕೊನೆಗೆ ಊರ ಹಿರಿಯ, ಕೇನ್‌ನ ಆಪ್ತಮಿತ್ರ ಜೋನಸ್ ಹೆಂಡರ್‌ಸನ್ ಎದ್ದು ನಿಲ್ಲುತ್ತಾನೆ. ಇಂಥ ಮಾರ್ಷಲ್ ನಮಗೆ ಸಿಕ್ಕೇ ಇರಲಿಲ್ಲ ಎಂದು ಬಾಯ್ತುಂಬ ಹೊಗಳುತ್ತಾನೆ. ಹೊಗಳುತ್ತ ಹೊಗಳುತ್ತ ಮಾತು ತಿರುಗಿಸುತ್ತಾನೆ: ಉತ್ತರದ ಕಡೆಯ ಜನ ಇಲ್ಲಿ ಹಣ ಹಾಕುವ ಯೋಚನೆಯಲ್ಲಿದ್ದಾರೆ, ಅಂಗಡಿ ಬರುತ್ತದೆ, ಕಾರ್ಖಾನೆ ಬರುತ್ತದೆ, ಬೀದಿಯಲ್ಲಿ ಗುಂಡಿನ ಕಾಳಗ ನಡೆದ ಸುದ್ದಿ ಅವರ ಕಿವಿಗೆ ಬಿದ್ದರೆ ಊರಿನ ಗತಿ ಏನು? ಆದ್ದರಿಂದ, ವಿಲ್, ನೀನು ಹೊರಟುಹೋಗುವುದೇ ಎಲ್ಲರಿಗೂ ಕ್ಷೇಮ.

ಬಂಡವಾಳ ಹೂಡುವವರು ಬೇಸರ ಮಾಡಿಕೊಂಡಾರು ಎಂದು ಒಬ್ಬ ನಿಷ್ಠಾವಂತನನ್ನು ಕೈಬಿಡುವ ಈ ಸಭ್ಯ, ವಿದ್ಯಾವಂತ ಮಾತನ್ನು ಸರಳ ಲೋಕದ ಮಾತು ಎನ್ನುವವರು ಯಾವ ಊರಿನಲ್ಲಿ ಬಾಳುತ್ತಿದ್ದಾರೋ ಕಾಣೆ. ಹೆಂಡರ್‌ಸನ್ ದುಷ್ಟನಲ್ಲ. ಅವನ ವಾದದಲ್ಲಿ ತರ್ಕವಿದೆ, ಕಾಳಜಿಯೂ ಇದೆ. ಅವನ ತಲೆಗೆ ಯಾವ ಬಣ್ಣದ ಟೋಪಿ ಇಡುತ್ತೀರಿ? ಕಾಳಗದಲ್ಲಿ ಕೇನ್‌ನ ನೆರವಿಗೆ ಬರುವವಳು ಹಿಂಸೆಯನ್ನು ಒಪ್ಪದ ಕ್ವೇಕರ್ ಪಂಥದ ಅವನ ಹೆಂಡತಿ ಒಬ್ಬಳೇ, ಅವಳೂ ಕಿಟಕಿಯಿಂದ ಒಬ್ಬನ ಬೆನ್ನಿಗೆ ಗುಂಡು ಹೊಡೆಯುತ್ತಾಳೆ. ನಡುಬೀದಿಯ ಧರ್ಮಯುದ್ಧ ಎಂದು ಹಾಡಿ ಹೊಗಳುವವರು ಈ ಬೆನ್ನಿನ ಗುಂಡನ್ನು ಹೇಗೆ ಮರೆತರೋ! ಎಲ್ಲ ಮುಗಿದ ಮೇಲೆ ಊರಿನವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಕೇನ್ ತುಟಿ ಬಿಚ್ಚುವುದಿಲ್ಲ. ಬಿಲ್ಲೆ ಕಿತ್ತು ಮಣ್ಣಿಗೆ ಎಸೆದು ಗಾಡಿ ಹತ್ತುತ್ತಾನೆ.

ಇದನ್ನು ಬರೆದ ಕಾರ್ಲ್ ಫೋರ್‌ಮನ್‌ಗೆ ಬಾಗಿಲು ಹಾಕಿಕೊಳ್ಳುವುದು ಎಂದರೇನೆಂದು ಗೊತ್ತಿತ್ತು. ಚಿತ್ರ ತಯಾರಾಗುತ್ತಿದ್ದಾಗಲೇ, 1951ರಲ್ಲಿ, ಕಮ್ಯುನಿಸ್ಟರ ಬೇಟೆಗೆ ಹೊರಟಿದ್ದ ಅಮೆರಿಕದ ಸಂಸದೀಯ ಸಮಿತಿ ಅವರನ್ನು ಕರೆಸಿತು. ಅವರು ಹೆಸರುಗಳನ್ನು ಹೇಳಲಿಲ್ಲ. ಹಾಲಿವುಡ್ ಕೆಲಸ ಕೊಡುವುದು ನಿಲ್ಲಿಸಿತು, ಅವರು ಇಂಗ್ಲೆಂಡಿಗೆ ಹೋದರು. ಆ ಕಾಲ ಸರಳವಾಗಿತ್ತು ಎಂದು ಫೋರ್‌ಮನ್‌ ಎದುರು ಹೇಳುವ ಧೈರ್ಯ ಯಾರಿಗಿತ್ತು? ಚಿತ್ರದ ಮೇಲೆ ಜಗಳವೂ ಆಯಿತು. ಜಾನ್ ವೇನ್‌ಗೆ ಅದು ಅಮೆರಿಕಕ್ಕೆ ಬಗೆದ ದ್ರೋಹವಾಗಿ ಕಂಡಿತು. ನಿಜವಾದ ಮಾರ್ಷಲ್ ಊರೆಲ್ಲ ತಿರುಗಿ ನೆರವು ಬೇಡುವುದಿಲ್ಲ ಎಂದು ಸಿಟ್ಟಾದ ನಿರ್ದೇಶಕ ಹಾವರ್ಡ್ ಹಾಕ್ಸ್, ಅದಕ್ಕೆ ಜವಾಬಾಗಿ ಅದೇ ವೇನ್‌ನನ್ನು ಹಾಕಿಕೊಂಡು 1959ರಲ್ಲಿ 'ರಿಯೋ ಬ್ರಾವೋ' ತೆಗೆದ. ಅದೂ ಸೊಗಸಾದ ಚಿತ್ರವೇ. ಗಮನಿಸಬೇಕಾದ್ದು, ಒಂದು ಸಿನಿಮಾಕ್ಕೆ ಇನ್ನೊಂದು ಸಿನಿಮಾ ಜವಾಬು ಕೊಡುತ್ತಿತ್ತು ಎಂಬುದು. ಊರು ತನ್ನ ರಕ್ಷಕನಿಗೆ ಏನು ಕೊಡಬೇಕು, ರಕ್ಷಕ ಊರಿನಿಂದ ಏನು ಕೇಳಬಹುದು ಎಂಬ ವಾದ ಅದು. ಎಲ್ಲರಿಗೂ ಉತ್ತರ ಗೊತ್ತಿದ್ದ ಮಕ್ಕಳ ಕಥೆಯ ಮೇಲೆ ವಯಸ್ಸಾದವರು ಹೀಗೆ ಕಿತ್ತಾಡುವುದಿಲ್ಲ.

ಪೋಲೆಂಡಿನ ಜನ ಈ ಚಿತ್ರವನ್ನು ನಮ್ಮ ಪಂಡಿತರಿಗಿಂತ ಸರಿಯಾಗಿ ಓದಿದರು. 1989ರ ಜೂನ್ 4ರ ಚುನಾವಣೆಗೆ ಅಲ್ಲಿನ ಕಾರ್ಮಿಕ ಸಂಘಟನೆ ಸಾಲಿಡಾರಿಟಿ ಹಂಚಿದ ಒಂದು ಪೋಸ್ಟರಿನಲ್ಲಿ ಇದ್ದದ್ದು 'ಹೈ ನೂನ್'ನ ಗ್ಯಾರಿ ಕೂಪರ್. ಎದೆಯ ಬಿಲ್ಲೆಯ ಮೇಲೆ ಸಾಲಿಡಾರಿಟಿಯ ಗುರುತು, ಕೈಯಲ್ಲಿ ಪಿಸ್ತೂಲಿನ ಬದಲು ಮತಪತ್ರ. ಆ ಪೋಸ್ಟರ್ ಯಾರನ್ನೂ ಬಂದೂಕು ಹಿಡಿ ಎನ್ನುತ್ತಿರಲಿಲ್ಲ. ಮನೆಯೊಳಗೆ ಅಡಗಿ ಕೂರಬೇಡ, ಹೊರಗೆ ಬಾ ಎನ್ನುತ್ತಿತ್ತು. ಅದು ಮಾತಾಡಿದ್ದು ಊರಿನವರ ಜೊತೆ.

ಬಂದೂಕಿನ ಭಜನೆ ಎಂಬ ಆರೋಪಕ್ಕೆ ಬರೋಣ. 1953ರ 'ಶೇನ್' ಚಿತ್ರದಲ್ಲಿ ಟೋರಿ ಎಂಬ ಬಡ ರೈತನನ್ನು ಬಾಡಿಗೆ ಬಂಟ ವಿಲ್ಸನ್ ಕೊಲ್ಲುವ ದೃಶ್ಯ ನೋಡಿ. ಮಳೆ ಬಂದು ಕೆಸರೆದ್ದ ಬೀದಿ. ಟೋರಿ ಕೆಸರಿನಲ್ಲಿ ಜಾರುತ್ತ, ಎಡವುತ್ತ ನಡೆದು ಬರುತ್ತಾನೆ. ವಿಲ್ಸನ್ ಮರದ ಹಲಗೆಯ ಜಗಲಿ ಮೇಲೆ ಮೈಗೆ ಕೊಳೆ ತಾಗದಂತೆ ಅವನ ಸಮಕ್ಕೆ ನಡೆಯುತ್ತಾನೆ. ಟೋರಿಯ ಪಿಸ್ತೂಲು ಅರ್ಧ ಮೇಲೆದ್ದು ನಿಲ್ಲುತ್ತದೆ. ವಿಲ್ಸನ್‌ನದು ಆಗಲೇ ಗುರಿ ಹಿಡಿದಿದೆ, ಆದರೂ ಒಂದು ಕ್ಷಣ ಕಾಯುತ್ತಾನೆ. ಆಮೇಲೆ ಫಿರಂಗಿಯಂಥ ಸದ್ದು, ಟೋರಿ ಹಿಂದಕ್ಕೆ ಹಾರಿ ಕೆಸರಿಗೆ ಬೀಳುತ್ತಾನೆ. ನಟನ ಮೈಗೆ ತಂತಿ ಕಟ್ಟಿ ಹಿಂದಿನಿಂದ ಎಳೆದು ಈ ದೃಶ್ಯ ತೆಗೆದರು. ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಚಿತ್ರತಂಡದ ಜೊತೆ ಹೋಗಿ ಡಾಖಾವ್ ಯಾತನಾ ಶಿಬಿರವನ್ನು ಚಿತ್ರೀಕರಿಸಿದ್ದವರು. ಗುಂಡು ತಾಗಿದವನು ಎದೆ ಹಿಡಿದುಕೊಂಡು ನಾಜೂಕಾಗಿ ಉರುಳುವ ಹಾಲಿವುಡ್ ಚಾಳಿ ಅವರಿಗೆ ಸಾಕಾಗಿತ್ತು. ಈ ದೃಶ್ಯ ನೋಡಿದವನಿಗೆ ಬಂದೂಕಿನ ಮೇಲೆ ಭಕ್ತಿ ಹುಟ್ಟುವುದಾದರೆ ಅದು ಸಿನಿಮಾದ ತಪ್ಪಲ್ಲ.

ಟಿವಿಯಲ್ಲಿ ಇಂಥದ್ದೆಲ್ಲ ಇರಲಿಲ್ಲ, ಅದು ವಾರವಾರ ಗೆಲ್ಲುವ ನಾಯಕರ ಸಂತೆ ಎಂದು ಸಿನಿಮಾ ಮೆಚ್ಚುವವರೂ ಟಿವಿಯನ್ನು ಕಡೆಗಣಿಸುತ್ತಾರೆ. 'ಗನ್‌ಸ್ಮೋಕ್' 1952ರಲ್ಲಿ ರೇಡಿಯೋದಲ್ಲಿ ಶುರುವಾದದ್ದು, ಮಕ್ಕಳಿಗಲ್ಲ ದೊಡ್ಡವರಿಗೆ ಎಂದೇ. 1955ರಲ್ಲಿ ಟಿವಿಗೆ ಬಂದು 1975ರವರೆಗೆ 20 ಸಾಲು, 635 ಕಂತು ಓಡಿತು. ಟಿವಿಯ ಮೊದಲ ಕಂತಿನಲ್ಲಿ ಏನಾಗುತ್ತದೆ? ನಾಯಕ ಮ್ಯಾಟ್ ಡಿಲನ್ ತನಗಿಂತ ಚುರುಕಾದವನೊಬ್ಬನ ಎದುರು ನಿಂತು, ಗುಂಡು ತಿಂದು ನೆಲಕ್ಕೆ ಬೀಳುತ್ತಾನೆ. ಇಪ್ಪತ್ತು ವರ್ಷ ಆಳಿದ ನಾಯಕ ಮೊದಲ ದಿನವೇ ಸೋತ. ಚೇತರಿಸಿಕೊಂಡ ಮೇಲೆ ಯೋಚಿಸಿ ನೋಡಿದರೆ ಎದುರಾಳಿ ಚುರುಕು ನಿಜ, ಗುರಿಕಾರನಲ್ಲ. ಹತ್ತಿರಕ್ಕೆ ಬಂದೇ ಹೊಡೆಯುತ್ತಾನೆ. ಎರಡನೆಯ ಸಲ ಡಿಲನ್ ದೂರ ಕಾಯ್ದುಕೊಂಡು ಗೆಲ್ಲುತ್ತಾನೆ. ಶುರುವಿನ ವರ್ಷಗಳಲ್ಲಿ ಅವನು ಊರಾಚೆಯ ಸ್ಮಶಾನದಲ್ಲಿ ಗೋರಿಗಳ ನಡುವೆ ನಿಂತು ಮಾತಾಡುವುದರಿಂದಲೇ ಕಥೆ ತೊಡಗುತ್ತಿತ್ತು. ಬೇಸರ ಹೊತ್ತ ಒಬ್ಬ ಸರ್ಕಾರಿ ನೌಕರ, ಮುಂಗೋಪಿ ಡಾಕ್ಟರು, ಸಲೂನ್ ನಡೆಸುವ ಕಿಟ್ಟಿ, ಕಾಲು ಎಳೆದು ನಡೆಯುವ ಚೆಸ್ಟರ್. ಎಷ್ಟೋ ಕಂತುಗಳಲ್ಲಿ ಡಿಲನ್ ಎದುರಿಸುವುದು ಹೊರಗಿನ ಡಕಾಯಿತರನ್ನಲ್ಲ, ಯಾರನ್ನೋ ನೇಣಿಗೆ ಹಾಕಲು ಹಗ್ಗ ಹಿಡಿದು ಬಂದ, ತನ್ನದೇ ಊರಾದ ಡಾಜ್ ಸಿಟಿಯ ಗೃಹಸ್ಥರನ್ನೇ. ('ಬೊನಾಂಜಾ' ಧಾರಾವಾಹಿ ನನ್ನ ವಾದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ, ಒಪ್ಪುತ್ತೇನೆ. ಅಪ್ಪ, ಮೂವರು ಗಂಡುಮಕ್ಕಳು, ಸಾವಿರಾರು ಎಕರೆ ಜಮೀನು, ಬಣ್ಣದ ಟಿವಿಯ ಹೊಸತನ. ಅದು 1959ರಿಂದ 1973ರವರೆಗೆ ಓಡಿದ್ದಕ್ಕೆ ಕಾರಣ ಬೇರೆ. ಕೂಡುಕುಟುಂಬದ ಕಥೆ ಎಲ್ಲಿಯಾದರೂ ಓಡುತ್ತದೆ.)

ನಿಜವಾದ ಪಶ್ಚಿಮ ಹಾಗಿರಲಿಲ್ಲವಲ್ಲ ಎನ್ನುವವರಿದ್ದಾರೆ. ಖಂಡಿತ ಇರಲಿಲ್ಲ. ಟೆಕ್ಸಸ್‌ನಿಂದ ರೈಲು ನಿಲ್ದಾಣಗಳಿಗೆ ದನ ಹೊಡೆದುಕೊಂಡು ಹೋಗುವ ದಂಧೆ ನಡೆದದ್ದು ಎರಡು ದಶಕ, ಅಷ್ಟೆ. ಮುಳ್ಳುತಂತಿ ಬೇಲಿಯೂ ರೈಲೂ ಅದನ್ನು ನುಂಗಿದವು. ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಕಪ್ಪು ಜನಾಂಗದವನು ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಮೆಕ್ಸಿಕನ್ನರೂ ಬಹಳ ಇದ್ದರು. ತೆರೆಯ ಮೇಲೆ ಅವರನ್ನು ಹುಡುಕಬೇಕು. ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ದಾಖಲೆ ಜಾಲಾಡಿ ಡಾಜ್ ಸಿಟಿ ಸೇರಿದಂತೆ ಕ್ಯಾನ್ಸಸ್‌ನ ಐದು ದನದ ಪೇಟೆಗಳಲ್ಲಿ 1870ರಿಂದ 1885ರವರೆಗೆ ಒಟ್ಟು 45 ಕೊಲೆಗಳನ್ನು ಲೆಕ್ಕ ಹಾಕಿದ. 'ಗನ್‌ಸ್ಮೋಕ್' ಅಷ್ಟನ್ನು ಒಂದೆರಡು ವರ್ಷದಲ್ಲೇ ಮುಗಿಸಿಬಿಡುತ್ತಿತ್ತು. ಆದರೆ ಇದೇ ಇತಿಹಾಸ ನನ್ನ ಮಾತಿಗೆ ಸಾಕ್ಷಿಯನ್ನೂ ಕೊಡುತ್ತದೆ. ಟೂಂಬ್‌ಸ್ಟೋನ್‌ನಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಓಕೆ ಕೊರಾಲ್ ಕಾಳಗ, ಸುಮಾರು ಮೂವತ್ತು ಸೆಕೆಂಡಿನಲ್ಲಿ ಮೂವರು ಸತ್ತದ್ದು, ಶುರುವಾದದ್ದು ಯಾಕೆ? ಪಟ್ಟಣದೊಳಗೆ ಆಯುಧ ಹಿಡಿದು ತಿರುಗಬಾರದೆಂಬ ಊರಿನ ಕಟ್ಟಳೆಯನ್ನು ಜಾರಿ ಮಾಡಲು ಹೋಗಿ. ಜಗತ್ತಿನ ಅತ್ಯಂತ ಪ್ರಸಿದ್ಧ ಕೌಬಾಯ್ ಕಾಳಗದ ಬುಡದಲ್ಲಿ ಇದ್ದದ್ದು ಪುರಸಭೆಯ ಒಂದು ನಿಯಮ.

ಮೂಗು ಮುರಿಯುವವರ ಆರೋಪಗಳಲ್ಲಿ ಒಂದಕ್ಕೆ ನನ್ನಲ್ಲಿ ಜವಾಬಿಲ್ಲ, ಜವಾಬು ಇರಲೂಬಾರದು. ಆ ಊರುಗಳೆಲ್ಲ ಎದ್ದದ್ದು ಮೂಲನಿವಾಸಿಗಳ ನೆಲದ ಮೇಲೆ. 'ಶೇನ್'ನಲ್ಲಿ ದನದ ಒಡೆಯ ರೈಕರ್, ಈ ನಾಡನ್ನು ಹದಕ್ಕೆ ತಂದವರು ನಾವು, ಇಂಡಿಯನ್ನರ ಜೊತೆ ಹೊಡೆದಾಡಿ ರಕ್ತ ಸುರಿಸಿದವರು ನಾವು ಎನ್ನುತ್ತಾನೆ. ನಿನಗಿಂತ ಮೊದಲೂ ಇಲ್ಲಿ ಜನ ಇದ್ದರು ಎಂದು ರೈತ ಸ್ಟ್ಯಾರೆಟ್ ಎದುರುತ್ತರ ಕೊಡುತ್ತಾನೆ. ನಾವು ಕಿವಿ ನಿಮಿರಿಸುತ್ತೇವೆ. ಅವನು ಹೆಸರಿಸುವುದು ಬೇಟೆಗಾರರನ್ನು, ವ್ಯಾಪಾರಿಗಳನ್ನು! ನೆಲದ ಹಕ್ಕಿನ ಬಗ್ಗೆ ಇಷ್ಟು ಹೊತ್ತು ವಾದ ಮಾಡುವ ಚಿತ್ರಕ್ಕೆ ಆ ನೆಲದವರ ನೆನಪು ಅಡ್ಡಿಯಾಗಿ ಬಿಟ್ಟರೆ ಬೇರೆ ರೂಪದಲ್ಲಿ ಬರುವುದಿಲ್ಲ. ನಿರ್ದೇಶಕ ಜಾನ್ ಫೋರ್ಡ್ ಮಾನ್ಯುಮೆಂಟ್ ವ್ಯಾಲಿಯ ನವಾಹೋ ಜನರನ್ನು ಕರೆತಂದು ಕೊಮಾಂಚಿಗಳ ವೇಷ ಹಾಕಿಸಿದ. 'ದಿ ಸರ್ಚರ್ಸ್'ನಲ್ಲಿ ಕೊಮಾಂಚಿಗಳ ನಾಯಕನ ಪಾತ್ರವನ್ನು ಬರ್ಲಿನ್ನಿನಲ್ಲಿ ಹುಟ್ಟಿದ ಬಿಳಿಯ ನಟನಿಗೆ ಕೊಟ್ಟ. ಇದು ಅನ್ಯಾಯ, ಇದಕ್ಕೆ ಸಮಜಾಯಿಷಿ ಬೇಡ. ಆದರೆ 1956ರ ಅದೇ ಚಿತ್ರದ ನಾಯಕ ಈಥನ್, ಸತ್ತ ಕೊಮಾಂಚಿಯ ಕಣ್ಣಿಗೆ ಗುಂಡಿಕ್ಕುವ, ಅವರ ನಡುವೆ ಬೆಳೆದಳು ಎಂಬ ಕಾರಣಕ್ಕೆ ಸ್ವಂತ ತಮ್ಮನ ಮಗಳನ್ನೇ ಕೊಲ್ಲಲು ವರ್ಷಗಟ್ಟಲೆ ಅಲೆಯುವ ದ್ವೇಷದ ಮುದ್ದೆ. ಕೊನೆಯಲ್ಲಿ ಎಲ್ಲರೂ ಮನೆಯೊಳಗೆ ಹೋಗುತ್ತಾರೆ, ಅವನು ಮಾತ್ರ ಹೊರಗೆ ಉಳಿಯುತ್ತಾನೆ. ಜಾನ್ ವೇನ್ ಮುಖ ಕಂಡೊಡನೆ ಅವನನ್ನು ಆದರ್ಶಪುರುಷ ಎಂದುಕೊಳ್ಳುವುದು ಕಾಮಾಲೆ ಕಣ್ಣಿನ ನೋಟ. ಈ ಚಿತ್ರಗಳ ದೋಷ ಅವುಗಳ ಕುರುಡಿನಲ್ಲಿದೆ, ಸರಳತೆಯಲ್ಲಿ ಇಲ್ಲ. ಎರಡನ್ನೂ ಒಂದೇ ಮೂಟೆಗೆ ಕಟ್ಟಿ ಎಸೆದರೆ ಬೈಯಬೇಕಾದ್ದನ್ನು ಸರಿಯಾಗಿ ಬೈದಂತೆಯೂ ಆಗುವುದಿಲ್ಲ.

ಫೋರ್ಡ್ 1962ರಲ್ಲಿ ತೆಗೆದ 'ಲಿಬರ್ಟಿ ವೇಲೆನ್ಸ್' ಈ ಊರುಗಳ ಲೆಕ್ಕಪುಸ್ತಕವನ್ನೇ ಬಿಚ್ಚಿಡುತ್ತದೆ. ಶಿನ್‌ಬೋನ್ ಎಂಬ ಊರು. ವಕೀಲ ಸ್ಟಾಡರ್ಡ್ ಅಕ್ಷರ ಬಾರದವರಿಗೆ ಪಾಠ ಹೇಳುತ್ತಾನೆ. ಪಾಂಪಿ ಎಂಬ ಕಪ್ಪು ಆಳು ಲಿಂಕನ್‌ನ ಚಿತ್ರಪಟದ ಕೆಳಗೆ ನಿಂತು ಸ್ವಾತಂತ್ರ್ಯ ಘೋಷಣೆಯನ್ನು ಒಪ್ಪಿಸುವಾಗ, ಎಲ್ಲರೂ ಸಮಾನರು ಎಂಬ ಭಾಗ ಬಾಯಿಗೆ ಬಾರದೆ ತಡವರಿಸುತ್ತಾನೆ. ಪರವಾಗಿಲ್ಲ, ಆ ಭಾಗವನ್ನು ಬಹಳ ಮಂದಿ ಮರೆಯುತ್ತಾರೆ ಎನ್ನುತ್ತಾನೆ ಮೇಷ್ಟ್ರು. ಮುಂದೆ ಅದೇ ಊರು ಪ್ರತಿನಿಧಿಗಳನ್ನು ಆರಿಸಲು ಸಲೂನಿನಲ್ಲಿ ಸಭೆ ಸೇರುತ್ತದೆ, ಪಾಂಪಿ ಹೊರಗೆ ಜಗಲಿಯಲ್ಲಿ ಕೂತಿರುತ್ತಾನೆ. ಯಾರೂ ಅದರ ಬಗ್ಗೆ ಚಕಾರ ಎತ್ತುವುದಿಲ್ಲ, ಕ್ಯಾಮೆರಾ ಮಾತ್ರ ತೋರಿಸಿ ಮುಂದೆ ಹೋಗುತ್ತದೆ. ಪುಂಡ ಲಿಬರ್ಟಿಯನ್ನು ಕೊಂದವನು ಎಂಬ ಕೀರ್ತಿಯ ಮೇಲೆ ಸ್ಟಾಡರ್ಡ್ ಸೆನೆಟರ್ ಆಗುತ್ತಾನೆ. ನಿಜವಾಗಿ ಕೊಂದವನು ಟಾಮ್ ಡೋನಿಫನ್, ಅದೂ ಎದುರು ನಿಂತಲ್ಲ, ಕತ್ತಲೆಯಲ್ಲಿ ಅಡಗಿ. ಅವನು ಕಾಸಿಲ್ಲದೆ ಸಾಯುತ್ತಾನೆ, ಹೆಣದ ಕಾಲಿನ ಬೂಟನ್ನು ಶವಪೆಟ್ಟಿಗೆಯವನು ಬಿಚ್ಚಿಕೊಂಡಿದ್ದಾನೆ. ಸೆನೆಟರ್ ನಿಜ ಹೇಳಿದರೂ ಪತ್ರಿಕೆ ಅಚ್ಚು ಹಾಕಲು ಒಪ್ಪುವುದಿಲ್ಲ. ಒಂದು ಪ್ರಜಾರಾಜ್ಯ ತನ್ನ ಹುಟ್ಟಿನ ಬಗ್ಗೆ ಹೇಳಿಕೊಳ್ಳುವ ಸುಳ್ಳನ್ನು ಇಷ್ಟು ನಿಷ್ಠುರವಾಗಿ ಬಯಲಿಗಿಟ್ಟ ಜನಪ್ರಿಯ ಸಿನಿಮಾ ನನಗೆ ಬೇರೆ ನೆನಪಾಗುತ್ತಿಲ್ಲ.

ಹಾಗಾದರೆ ವೆಸ್ಟರ್ನ್ ಸರಳವಾಗಿರಬೇಕೆಂದು ಬಯಸುವವರು ಯಾರು? ಡಬ್ಬಿ ಮಾರುವವರು ಒಂದು ಕಡೆ. ಅಧಿಕಾರದಲ್ಲಿರುವವರು ಇನ್ನೊಂದು ಕಡೆ, ಮತ್ತು ಇದಕ್ಕೆ ಉದಾಹರಣೆ ನಮ್ಮ ರಾಮನಗರದಲ್ಲೇ ಇದೆ. 'ಶೋಲೆ'ಯನ್ನು ಅಲ್ಲಿನ ಬಂಡೆಗುಡ್ಡಗಳ ನಡುವೆ ತೆಗೆದರು; 1975ರ ಆಗಸ್ಟ್ 15ರಂದು ಅದು ಬಿಡುಗಡೆಯಾದಾಗ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಕೈಗಳಿಲ್ಲದ ಠಾಕೂರ್ ತನ್ನ ಕಾಲಿನಿಂದಲೇ ಡಕಾಯಿತ ಗಬ್ಬರ್‌ನನ್ನು ತುಳಿದು ಕೊಲ್ಲುವ ಅಂತ್ಯವನ್ನು ಸೆನ್ಸಾರ್ ಒಪ್ಪಲಿಲ್ಲ. ಕಾನೂನು ಪಾಲಿಸುತ್ತಿದ್ದ ಮಾಜಿ ಪೊಲೀಸ್ ಅಧಿಕಾರಿ ಕೈಯಾರೆ, ಅಲ್ಲ, ಕಾಲಾರೆ ಸೇಡು ತೀರಿಸಿಕೊಳ್ಳುವುದು ಬೇಡವಾಯಿತು. ಹೀಗಾಗಿ ಪೊಲೀಸರು ಸಮಯಕ್ಕೆ ಸರಿಯಾಗಿ ಬರುವ ಅಂತ್ಯವನ್ನು ತೆಗೆದು ಅಂಟಿಸಿದರು. ದುಷ್ಟನಿಗೆ ಬೇಡಿ, ಕಾನೂನಿಗೆ ಜಯ, ಪ್ರೇಕ್ಷಕನಿಗೆ ಸಮಾಧಾನ. ಮೂಲ ಅಂತ್ಯವಿರುವ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ ತೋರಿಸಿದ್ದು ಐವತ್ತು ವರ್ಷದ ನಂತರ, 2025ರಲ್ಲಿ, ಇಟಲಿಯ ಬೊಲೋನ್ಯಾ ಚಿತ್ರೋತ್ಸವದಲ್ಲಿ.

ಅಂತ್ಯ ಬದಲಾದರೂ ಸೆನ್ಸಾರಿನ ಕೈಗೆ ಸಿಗದೆ ಉಳಿದ ಒಂದು ದೃಶ್ಯ ಅದರಲ್ಲಿದೆ. ಕುರುಡು ಇಮಾಮರ ಮಗನ ಹೆಣ ಕುದುರೆಯ ಮೇಲೆ ಊರಿಗೆ ಬರುತ್ತದೆ. ಜನ ಸುತ್ತ ನೆರೆಯುತ್ತಾರೆ. ಊರಿನ ಕಾವಲಿಗೆ ಠಾಕೂರ್ ಕರೆಸಿದ ಈ ಇಬ್ಬರು ಹೊರಗಿನವರನ್ನು ಗಬ್ಬರ್‌ಗೆ ಒಪ್ಪಿಸಿಬಿಡಿ, ನಮಗೆ ಈ ಭಾರ ಬೇಡ ಎನ್ನುತ್ತಾರೆ. ಇದು ಹೆಂಡರ್‌ಸನ್‌ನ ವಾದವೇ, ಗಡ್ಡಮೀಸೆ ಬೇರೆ. ಮಗನನ್ನು ಕಳೆದುಕೊಂಡ ಮುದುಕ ತಡವುತ್ತ ಎದ್ದು, ಅವರನ್ನು ಕಳಿಸಬೇಡಿ ಎನ್ನುತ್ತಾನೆ. ದೇವರು ಊರಿಗೆ ಒಪ್ಪಿಸಲು ತನಗೆ ಇನ್ನಷ್ಟು ಮಕ್ಕಳನ್ನು ಏಕೆ ಕೊಡಲಿಲ್ಲ ಎಂದು ಕೇಳುತ್ತಾನೆ. 'ಶೋಲೆ' ವೆಸ್ಟರ್ನ್‌ಗಳಿಂದ ಏನು ಎರವಲು ತಂದಿತು ಎಂದರೆ ಎಲ್ಲರೂ ಕುದುರೆ, ರೈಲು ದರೋಡೆ, ಬಂಡೆಗಳ ಹಿಂದಿನ ಗುಂಡಿನ ಕಾಳಗ ಎಂದು ಎಣಿಸುತ್ತಾರೆ. ತಂದದ್ದರಲ್ಲಿ ಬೆಲೆಬಾಳುವುದು ಈ ಊರಿನ ಸಭೆ.

ಬಿಳಿ–ಕಪ್ಪು ಎನ್ನುವವರಿಗೆ ನನ್ನದು ಒಂದೇ ಬಿನ್ನಹ. 'ಹೈ ನೂನ್' ಒಂದೂವರೆ ಗಂಟೆಗಿಂತ ಚಿಕ್ಕದು. ಇನ್ನೊಮ್ಮೆ ನೋಡಿ, ಚರ್ಚಿನಲ್ಲಿ ಮಾತಾಡುವ ಒಬ್ಬೊಬ್ಬರ ಮಾತಿಗೂ ಕಿವಿಗೊಡಿ, ಅವರಲ್ಲಿ ಯಾರ ಮಾತನ್ನು ನೀವು ಎಂದೂ ಆಡಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಿ. ಆಮೇಲೆ ವಾದಕ್ಕೆ ಬನ್ನಿ.